ಹಕ್ಕಿಯ ಪಾಲಿನ ಮೊಟ್ಟೆ

ಮೇ ತಿಂಗಳ ಹುಣ್ಣಿಮೆ ರಾತ್ರಿ. ಉಬ್ಬರ ಏರುತ್ತಿದ್ದಂತೆ ಡೆಲವೇರ್ ಕೊಲ್ಲಿಯ ತೆರೆಯಂಚಿನಲ್ಲಿ ಕಂದು ಚಿಪ್ಪುಗಳು ಒಂದೊಂದಾಗಿ ಮೇಲೆದ್ದು ಮರಳಿಗೆ ಬರುತ್ತವೆ. ಮೊದಲು ಹತ್ತು, ಆಮೇಲೆ ನೂರು, ಮತ್ತೆ ಎಣಿಕೆಗೆ ಸಿಗದಷ್ಟು. ದಂಡೆಯುದ್ದಕ್ಕೂ ಚಿಪ್ಪಿಗೆ ಚಿಪ್ಪು ತಾಗುವ ಸದ್ದು. ದೊಡ್ಡ ಹೆಣ್ಣು ಮುಂದೆ, ಅದರ ಚಿಪ್ಪಿಗೆ ಕೊಕ್ಕೆ ಹಾಕಿಕೊಂಡ ಗಂಡು ಹಿಂದೆ, ಜೋಡಿ ಸಿಗದ ಇನ್ನಷ್ಟು ಗಂಡುಗಳು ಸುತ್ತಮುತ್ತ. ಹೆಣ್ಣು ಮರಳು ತೋಡಿ ಮೊಟ್ಟೆ ಇಡುತ್ತದೆ, ಒಂದಿಷ್ಟು ಮುಂದೆ ತೆವಳಿ ಮತ್ತೆ ತೋಡುತ್ತದೆ. ನೀರು ಇಳಿಯುವ ಹೊತ್ತಿಗೆ ಹಿಂಡು ಕಡಲಿಗೆ ಮರಳುತ್ತದೆ.

ಬೆಳಗಾದರೆ ಅದೇ ದಂಡೆಯಲ್ಲಿ ಬೇರೆಯದೇ ಜಾತ್ರೆ. ಇಟ್ಟಿಗೆ ಬಣ್ಣದ ಎದೆಯ ಪುಟ್ಟ ಹಕ್ಕಿಗಳು ಸಾವಿರಗಟ್ಟಲೆ ಇಳಿದು, ತಲೆ ಎತ್ತುವುದಕ್ಕೂ ಪುರುಸೊತ್ತಿಲ್ಲದಂತೆ ಮರಳು ಕುಕ್ಕುತ್ತಿರುತ್ತವೆ.

ಡೆಲವೇರ್ ಕೊಲ್ಲಿ ಇರುವುದು ಅಮೆರಿಕದ ಪೂರ್ವ ಕರಾವಳಿಯಲ್ಲಿ, ನ್ಯೂಜೆರ್ಸಿ ಮತ್ತು ಡೆಲವೇರ್ ರಾಜ್ಯಗಳ ನಡುವೆ. ರಾತ್ರಿ ಬಂದದ್ದು ಕುದುರೆ ಲಾಳದ ಏಡಿ, ಹಗಲು ಬಂದದ್ದು ರೆಡ್ ನಾಟ್ ಎಂಬ ವಲಸೆ ಹಕ್ಕಿ. ಏಡಿ ಮೊಟ್ಟೆ ಇಡುತ್ತದೆ, ಹಕ್ಕಿ ತಿನ್ನುತ್ತದೆ ಎಂಬಷ್ಟನ್ನು ಟಿವಿಯ ಸಾಕ್ಷ್ಯಚಿತ್ರಗಳಲ್ಲಿ ನೋಡಿದವರು ನಮ್ಮಲ್ಲೂ ಇದ್ದಾರೆ. ಆ ಚಿತ್ರಗಳು ಅವಸರದಲ್ಲಿ ದಾಟಿಬಿಡುವ ಒಂದು ವಿಷಯವಿದೆ: ಏಡಿ ಹೂತಿಟ್ಟ ಮೊಟ್ಟೆ ಈ ಹಕ್ಕಿಗೆ ಎಟುಕುವುದೇ ಇಲ್ಲ. ನಲವತ್ತು ವರ್ಷಗಳ ಸಂಶೋಧನೆ, ಜಗಳ, ಕಾನೂನು ಎಲ್ಲವೂ ಸುತ್ತುವುದು ಈ ಸಣ್ಣ ತೊಡಕಿನ ಸುತ್ತಲೇ.

ಕೊಕ್ಕಿಗೆ ಸಿಗದ ಆಳ

ಹೆಸರಿನಲ್ಲಿ ಏಡಿ ಇದ್ದರೂ ಇದು ಏಡಿಗಳ ಕುಲದ್ದಲ್ಲ. ಜೇಡ, ಚೇಳುಗಳ ದೂರದ ನೆಂಟ. ಇದರ ಬಳಗದ ಪಳೆಯುಳಿಕೆಗಳು ಸುಮಾರು 44.5 ಕೋಟಿ ವರ್ಷ ಹಳೆಯವು. ಅಂದರೆ ಡೈನೋಸಾರ್‌ಗಳು ಬಂದು ಹೋದದ್ದನ್ನೂ ಇವು ನೋಡಿವೆ. ಕಚ್ಚುವುದಿಲ್ಲ, ಕುಟುಕುವುದಿಲ್ಲ. ನೋಡಿದವರನ್ನು ಹೆದರಿಸುವ ಆ ಚೂಪು ಬಾಲ ಇರುವುದು ಮುಖ್ಯವಾಗಿ ಅಂಗಾತ ಬಿದ್ದಾಗ ಮಗುಚಿಕೊಳ್ಳಲು.

ಹೆಣ್ಣು ಒಂದು ಗುಂಡಿಯಲ್ಲಿ ಸುಮಾರು 4,000 ಮೊಟ್ಟೆ ಇಡುತ್ತದೆ. ಹಲವು ಉಬ್ಬರಗಳಲ್ಲಿ ಮತ್ತೆ ಮತ್ತೆ ಬಂದು ಒಂದು ಋತುವಿನಲ್ಲಿ 80,000ದಷ್ಟು ಇಡಬಲ್ಲದು. ಹಸಿರು ಛಾಯೆಯ ಒಂದೊಂದು ಮೊಟ್ಟೆಯ ಅಗಲ ಒಂದೂವರೆ ಮಿಲಿಮೀಟರ್. ಇಡುವುದು 15-20 ಸೆಂಟಿಮೀಟರ್ ಆಳದಲ್ಲಿ. ರೆಡ್ ನಾಟ್‌ನ ಕೊಕ್ಕಿನ ಉದ್ದವೋ ಮೂರೂವರೆ ಸೆಂಟಿಮೀಟರ್ ಆಸುಪಾಸು.

ಹಾಗಾದರೆ ಹಕ್ಕಿ ತಿನ್ನುವುದೇನನ್ನು? ಜಾಗ ಸಾಲದೆ ಇನ್ನೊಂದು ಹೆಣ್ಣು ಅದೇ ಗುಂಡಿಯ ಮೇಲೆ ತೋಡಿದಾಗ ಮೊದಲಿನದರ ಮೊಟ್ಟೆಗಳು ಕದಡಿ ಮೇಲೆ ಬರುತ್ತವೆ. ಅಲೆ ಹೊಡೆದಾಗ ಇನ್ನಷ್ಟು ಬರುತ್ತವೆ. ಹೀಗೆ ಮೇಲ್ಮರಳಿಗೆ ಬಂದ ಮೊಟ್ಟೆ ಬಿಸಿಲಿಗೆ ಒಣಗುತ್ತದೆ, ಅದರಿಂದ ಮರಿ ಹುಟ್ಟುವುದಿಲ್ಲ. ಏಡಿಯ ಲೆಕ್ಕದಲ್ಲಿ ಅದು ಆಗಲೇ ನಷ್ಟ. ರಾಶಿ ಎತ್ತಿದ ಮೇಲೆ ಕಣದಲ್ಲಿ ಚೆಲ್ಲಿ ಉಳಿದ ಕಾಳನ್ನು ಗುಬ್ಬಿ ಆಯ್ದುಕೊಳ್ಳುವಂತೆ, ಈ ಹಕ್ಕಿ ಬದುಕುವುದು ಏಡಿಯ ಚೆಲ್ಲುಮೊಟ್ಟೆಯ ಮೇಲೆ.

ಇದರ ಅರ್ಥವನ್ನು ಬಿಡಿಸಿ ನೋಡಬೇಕು. ದಂಡೆಗೆ ಬರುವ ಏಡಿಗಳು ಅರ್ಧಕ್ಕಿಳಿದವು ಎಂದುಕೊಳ್ಳಿ. ಏಡಿಯ ಸಂತತಿಗೆ ಕುತ್ತೇನೂ ಬರಲಿಕ್ಕಿಲ್ಲ. ಒಂದರ ಗುಂಡಿಯನ್ನು ಇನ್ನೊಂದು ಕೆದಕುವುದು ತಪ್ಪಿ ಉಳಿದ ಮೊಟ್ಟೆಗಳು ನೆಮ್ಮದಿಯಾಗಿಯೇ ಮರಿಯಾದಾವು. ಆದರೆ ಹಕ್ಕಿಗೆ ಸಿಗುವ ಮೊಟ್ಟೆ ಅರ್ಧಕ್ಕಲ್ಲ, ಅದಕ್ಕಿಂತ ಎಷ್ಟೋ ಕೆಳಗೆ ಇಳಿಯುತ್ತದೆ. ಏಡಿಗೆ ಸಾಕಾಗುವಷ್ಟು ಏಡಿ ಹಕ್ಕಿಗೆ ಸಾಲದು.

ಎರಡು ವಾರದ ಊಟ

ಇಲ್ಲಿಗೆ ಬರುವ ರೆಡ್ ನಾಟ್ ಉಪಜಾತಿಯ ಹೆಸರು ರೂಫಾ. ಇವುಗಳಲ್ಲಿ ಅತಿ ದೂರ ಹೋಗುವ ಹಿಂಡು ಚಳಿಗಾಲ ಕಳೆಯುವುದು ದಕ್ಷಿಣ ಅಮೆರಿಕದ ತುತ್ತತುದಿಯ ಟಿಯೆರ್ರಾ ಡೆಲ್ ಫ್ಯೂಗೊದಲ್ಲಿ. ಮರಿ ಮಾಡುವುದು ಕೆನಡಾದ ಉತ್ತರ ಧ್ರುವ ಪ್ರದೇಶದಲ್ಲಿ. ಒಂದು ದಾರಿಗೆ ಸುಮಾರು 15,000 ಕಿಲೋಮೀಟರ್, ವರ್ಷಕ್ಕೆ 30,000.

ನಿಲ್ಲದೆ ಹಾರುವ ಇವುಗಳ ತಾಕತ್ತನ್ನು ಮೊದಲು ನಿಖರವಾಗಿ ತೋರಿಸಿದ್ದು ಕಾಲಿಗೆ ಕಟ್ಟಿದ ಒಂದು ಗ್ರಾಂ ಆಸುಪಾಸಿನ ಜಿಯೋಲೊಕೇಟರ್. ಸೂರ್ಯೋದಯ, ಸೂರ್ಯಾಸ್ತದ ಹೊತ್ತನ್ನು ಅದು ದಾಖಲಿಸಿಕೊಳ್ಳುತ್ತದೆ. ಹಕ್ಕಿಯನ್ನು ಮತ್ತೆ ಹಿಡಿದರೆ ಅದರಿಂದ ದಾರಿ ಲೆಕ್ಕ ಹಾಕಬಹುದು. ಹಾಗೆ ಸಿಕ್ಕ ಒಂದು ಹಕ್ಕಿ ಬ್ರೆಜಿಲ್-ಉರುಗ್ವೆ ಗಡಿಯ ಕಡೆಯಿಂದ ಹೊರಟು ಆರು ದಿನ ಎಲ್ಲೂ ಇಳಿಯದೆ ಸುಮಾರು 8,000 ಕಿಲೋಮೀಟರ್ ಹಾರಿ ಉತ್ತರ ಕೆರೊಲಿನಾ ಮುಟ್ಟಿತ್ತು.

ಅಷ್ಟು ದೂರ ಹಾರಲು ಹಕ್ಕಿ ತನ್ನ ಮೈಯನ್ನೇ ಕಳಚಿ ಜೋಡಿಸಿಕೊಳ್ಳುತ್ತದೆ. ಮಾಮೂಲಿ ದಿನಗಳಲ್ಲಿ ರೆಡ್ ನಾಟ್‌ನ ಆಹಾರ ಸಣ್ಣ ಚಿಪ್ಪುಮೀನು. ಅದನ್ನು ಚಿಪ್ಪಿನ ಸಮೇತ ನುಂಗಿ, ಹೊಟ್ಟೆಯ ಗಟ್ಟಿ ಸ್ನಾಯುವಿನಲ್ಲಿ ಅರೆದುಕೊಳ್ಳುತ್ತದೆ. ದೀರ್ಘ ಹಾರಾಟಕ್ಕೆ ಮೊದಲು ಈ ಅರೆಯುವ ಸ್ನಾಯು, ಕರುಳು ಎಲ್ಲ ಕುಗ್ಗುತ್ತವೆ. ರೆಕ್ಕೆಯ ಸ್ನಾಯು ಮತ್ತು ಕೊಬ್ಬು ಹೆಚ್ಚುತ್ತವೆ. ಹಾಗಾಗಿ ಡೆಲವೇರಿನಲ್ಲಿ ಇಳಿದಾಗ ಅದಕ್ಕೆ ಗಟ್ಟಿ ಚಿಪ್ಪು ಅರೆಯುವ ಶಕ್ತಿ ಇರುವುದಿಲ್ಲ. ಮೆತ್ತಗಿರಬೇಕು, ಕೊಬ್ಬಿರಬೇಕು, ತಕ್ಷಣ ಸಿಗಬೇಕು. ಏಡಿಯ ಮೊಟ್ಟೆಯಲ್ಲಿ ಈ ಮೂರೂ ಇವೆ.

ಇಳಿದಾಗ ಹಕ್ಕಿಯ ತೂಕ 120 ಗ್ರಾಂ ಆಸುಪಾಸು. ತೀರಾ ಸೊರಗಿದವು ನೂರಕ್ಕಿಂತಲೂ ಕಡಿಮೆ. ಹೊರಡುವಾಗ ಕನಿಷ್ಠ 180 ಗ್ರಾಂ ಇರಬೇಕು. ಇರುವುದು ಹನ್ನೆರಡು-ಹದಿನಾಲ್ಕು ದಿನ. ಮೈತೂಕದ ಅರ್ಧದಷ್ಟನ್ನು ಅಷ್ಟರಲ್ಲಿ ಕೂಡಿಸಿಕೊಳ್ಳಬೇಕು, ಕೆಲವಕ್ಕೆ ಹೆಚ್ಚುಕಡಿಮೆ ದುಪ್ಪಟ್ಟು. ತಡ ಮಾಡುವಂತಿಲ್ಲ, ಏಕೆಂದರೆ ಧ್ರುವದ ಬೇಸಿಗೆ ಕಿರಿದು. ಬೇಗ ಹೋದರೂ ಅಲ್ಲಿನ್ನೂ ಹಿಮ, ತಿನ್ನಲು ಹುಳುಹುಪ್ಪಟೆ ಇರುವುದಿಲ್ಲ. ಆ ಕೊರತೆಯ ದಿನಗಳನ್ನು ದಾಟಿಸಬೇಕಾದ್ದೂ ಈ ಕೊಬ್ಬೇ.

ತಕ್ಕಡಿ ಹೇಳಿದ ಸುದ್ದಿ

ಈ ಕೊಲ್ಲಿಗೆ ಇಷ್ಟೊಂದು ಹಕ್ಕಿ ಬರುತ್ತವೆಂದು ವಿಜ್ಞಾನಿಗಳಿಗೆ ಸರಿಯಾಗಿ ಗೊತ್ತಾದದ್ದೇ 1980ರ ಸುಮಾರಿಗೆ. ವಿಮಾನದಿಂದ ಎಣಿಸಿದಾಗ 1982ರಲ್ಲಿ ರೆಡ್ ನಾಟ್‌ಗಳೇ 95,000 ದಾಟಿದ್ದವು. 1986ರಲ್ಲಿ, ಅಮೆರಿಕ ಖಂಡಗಳ ದಂಡೆಹಕ್ಕಿಗಳ ತಾಣಗಳನ್ನು ಒಂದು ಸರಪಳಿಯಾಗಿ ಕಾಯುವ ಯೋಜನೆ ಹುಟ್ಟಿದಾಗ ಅದರ ಮೊದಲ ತಾಣವಾದದ್ದು ಇದೇ ಕೊಲ್ಲಿ.

ಎಣಿಕೆಯಿಂದ ಎಷ್ಟಿವೆ ಎಂದು ಗೊತ್ತಾದೀತು, ಯಾಕೆ ಕಡಿಮೆಯಾದವು ಎಂದು ಗೊತ್ತಾಗುವುದಿಲ್ಲ. ಅದಕ್ಕೆ ಹಕ್ಕಿಯನ್ನು ಹಿಡಿದು ತೂಗಬೇಕು. 1997ರಿಂದ ಪ್ರತಿ ಮೇ ತಿಂಗಳು ಹಲವು ದೇಶಗಳ ತಂಡ ಇಲ್ಲಿ ಸೇರುತ್ತದೆ. ಮರಳಲ್ಲಿ ಮಡಚಿ ಹೂತಿಟ್ಟ ಬಲೆಯನ್ನು ಸಣ್ಣ ಫಿರಂಗಿಗಳಿಂದ ಹಕ್ಕಿಗಳ ಮೇಲೆ ಹಾರಿಸುತ್ತಾರೆ. ಬಲೆ ಬಿದ್ದದ್ದೇ ಓಡಿಹೋಗಿ ಬಟ್ಟೆ ಹೊದಿಸಿ, ನೆರಳಿಗೆ ಒಯ್ದು, ತೂಗಿ, ಕೊಕ್ಕು-ರೆಕ್ಕೆ ಅಳೆದು, ಕಾಲಿಗೆ ಪುಟ್ಟ ಪ್ಲಾಸ್ಟಿಕ್ ಬಾವುಟ ತೊಡಿಸಿ ಬಿಡುತ್ತಾರೆ. ಬಾವುಟದ ಬಣ್ಣ ದೇಶದ ಗುರುತು: ಅಮೆರಿಕದ್ದು ಹಸಿರು, ಅರ್ಜೆಂಟೀನಾದ್ದು ಕಿತ್ತಳೆ, ಚಿಲಿಯದ್ದು ಕೆಂಪು, ಬ್ರೆಜಿಲ್‌ನದ್ದು ನೀಲಿ, ಕೆನಡಾದ್ದು ಬಿಳಿ. ಮೇಲಿನ ಅಕ್ಷರಗಳನ್ನು ಟೆಲಿಸ್ಕೋಪಿನಲ್ಲಿ ದೂರದಿಂದಲೇ ಓದಬಹುದು.

ಬಾವುಟದ ಹಕ್ಕಿಗಳಲ್ಲಿ ಹೆಸರು ಮಾಡಿದ್ದು ‘ಬಿ95’. 1995ರ ಫೆಬ್ರವರಿಯಲ್ಲಿ ಅರ್ಜೆಂಟೀನಾದ ರಿಯೊ ಗ್ರಾಂಡೆಯಲ್ಲಿ ಉಂಗುರ ತೊಡಿಸಿದಾಗಲೇ ಅದು ಬಲಿತ ಹಕ್ಕಿ. 2014ರ ಮೇ ತಿಂಗಳಲ್ಲೂ ಡೆಲವೇರಿನಲ್ಲಿ ಕಾಣಿಸಿತು. ಆಗ ಅದಕ್ಕೆ ಕನಿಷ್ಠ 20 ವರ್ಷ. ಹಾರಿದ ದೂರ ಕೂಡಿಸಿದರೆ ಚಂದ್ರನಿಗೆ ಹೋಗಿ ಅರ್ಧ ದಾರಿ ಹಿಂದಿರುಗಿದಷ್ಟಾಗುತ್ತದೆಂದು ಅದಕ್ಕೆ ‘ಮೂನ್‌ಬರ್ಡ್’ ಎಂದು ಹೆಸರಿಟ್ಟರು.

ತಕ್ಕಡಿಯ ಸುದ್ದಿ ಹೊರಬಿದ್ದದ್ದು 2004ರಲ್ಲಿ. ಕೆನಡಾದ ರಾಯಲ್ ಒಂಟಾರಿಯೊ ಮ್ಯೂಸಿಯಂನ ಅಲನ್ ಬೇಕರ್ ಮತ್ತು ಸಂಗಡಿಗರು, ಹೊರಡುವ ಹೊತ್ತಿಗೆ ಸಾಕಷ್ಟು ತೂಕ ಕಟ್ಟಿಕೊಂಡ ಹಕ್ಕಿಗಳ ಪ್ರಮಾಣ ಕೆಲವೇ ವರ್ಷಗಳಲ್ಲಿ ಶೇ 70ರಷ್ಟು ಕುಸಿದಿದೆ ಎಂದು ತೋರಿಸಿದರು. ತೂಕವಿಲ್ಲದೆ ಹೊರಟ ಹಕ್ಕಿಗಳು ಮತ್ತೆ ಕಾಣಸಿಗುವುದು ವಿರಳ. ಬಲಿತ ಹಕ್ಕಿಗಳು ವರ್ಷ ದಾಟಿ ಬದುಕುವ ಪ್ರಮಾಣ ಶೇ 85ರಿಂದ 56ಕ್ಕೆ ಇಳಿದಿತ್ತು. ಟಿಯೆರ್ರಾ ಡೆಲ್ ಫ್ಯೂಗೊದ ಹಿಂಡು 2000ದಲ್ಲಿ 51,000 ಇದ್ದದ್ದು 2002ಕ್ಕೆ 27,000. ಹೀಗೇ ಹೋದರೆ 2010ರ ಸುಮಾರಿಗೆ ಈ ಹಕ್ಕಿಗಳು ಅಳಿಯಬಹುದು ಎಂದು ಅವರು ಎಚ್ಚರಿಸಿದರು. ಹಾಗಾಗಲಿಲ್ಲ. ಆದರೆ ಆ ಎಚ್ಚರಿಕೆಯಿಲ್ಲದಿದ್ದರೆ ಕಾನೂನುಗಳು ಅಷ್ಟು ಬೇಗ ಬರುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ.

  

ಎರೆಯಾಗಿ ಹೋದ ಏಡಿ

ಹಕ್ಕಿಗಳ ತೂಕ ಏರದಿದ್ದದ್ದು ಮೊಟ್ಟೆ ಸಾಲದೆ. ಮೊಟ್ಟೆ ಏಕೆ ಕಡಿಮೆಯಾಯಿತು? ಏಡಿಯನ್ನು ಹಿಡಿದರು, ಅಷ್ಟೆ. ಹಿಡಿಯುವುದೇನೂ ಹೊಸತಲ್ಲ. 19ನೇ ಶತಮಾನದ ಕೊನೆಯಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಏಡಿಗಳನ್ನು ದಂಡೆಯಲ್ಲೇ ಗೋಡೆಯೆತ್ತರ ಪೇರಿಸಿ, ಒಣಗಿಸಿ, ಪುಡಿ ಮಾಡಿ ಹೊಲಕ್ಕೆ ಗೊಬ್ಬರ ಹಾಕುತ್ತಿದ್ದರು. ರಾಸಾಯನಿಕ ಗೊಬ್ಬರ ಬಂದ ಮೇಲೆ ಆ ದಂಧೆ ನಿಂತಿತು, ಏಡಿಗಳು ಚೇತರಿಸಿಕೊಂಡವು. 1980ರ ದಶಕದಲ್ಲಿ ವಿಜ್ಞಾನಿಗಳು ಕಂಡು ಬೆರಗಾದದ್ದು ಆ ಚೇತರಿಕೆಯ ಫಲವನ್ನು.

1990ರ ದಶಕದಲ್ಲಿ ಹೊಸ ಬೇಡಿಕೆ ಹುಟ್ಟಿತು. ಹಾವುಮೀನು ಮತ್ತು ದೊಡ್ಡ ಕಡಲ ಶಂಖಗಳನ್ನು ಹಿಡಿಯುವ ಕೂಳಿಗಳಿಗೆ ಏಡಿಯ ತುಂಡೇ ಒಳ್ಳೆಯ ಎರೆ. ಅದರಲ್ಲೂ ಮೊಟ್ಟೆ ತುಂಬಿದ ಹೆಣ್ಣಿನ ವಾಸನೆಗೆ ಹಾವುಮೀನು ಓಡಿಬರುತ್ತದೆ. ದಶಕದ ಕೊನೆಗೆ ಅಮೆರಿಕದ ಅಟ್ಲಾಂಟಿಕ್ ಕರಾವಳಿಯಲ್ಲಿ ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಏಡಿ ಎರೆಯಾಗುತ್ತಿದ್ದವು. ಈ ಏಡಿ ಬಲಿಯಲು ಒಂಬತ್ತು-ಹತ್ತು ವರ್ಷ ಬೇಕು. ಹಾಗಾಗಿ ಇಂದು ಹಿಡಿದ ಹೆಣ್ಣಿನ ಜಾಗ ತುಂಬಲು ದಶಕ ಕಾಯಬೇಕು. ಇಂದು ಮಾಡಿದ ಕಾನೂನಿನ ಫಲವೂ ಅಷ್ಟೇ ತಡ.

ಕಾನೂನು ಬಂದದ್ದು ಮೆಟ್ಟಿಲು ಮೆಟ್ಟಿಲಾಗಿ. 1998ರಲ್ಲಿ ಮೊದಲ ನಿರ್ವಹಣಾ ಯೋಜನೆ. 2001ರಲ್ಲಿ ಕೊಲ್ಲಿಯ ಬಾಯಿಯ ಹೊರಗಿನ ಕಡಲಿನಲ್ಲಿ, ಈ ಏಡಿಯ ಅಧ್ಯಯನಕ್ಕೆ ಬದುಕು ಮುಡಿಪಿಟ್ಟ ಕಾರ್ಲ್ ಶುಸ್ಟರ್ ಹೆಸರಿನ ಮೀಸಲು ಪ್ರದೇಶ. 2008ರಲ್ಲಿ ನ್ಯೂಜೆರ್ಸಿಯಲ್ಲಿ ಎರೆಗಾಗಿ ಹಿಡಿಯುವುದಕ್ಕೆ ಪೂರ್ತಿ ತಡೆ. 2013ರಿಂದ ಕೊಲ್ಲಿಯ ಏಡಿಗಳ ಪೈಕಿ ಗಂಡುಗಳನ್ನು ಮಾತ್ರ, ಅದೂ ವರ್ಷಕ್ಕೆ ಐದು ಲಕ್ಷದ ಮಿತಿಯಲ್ಲಿ ಹಿಡಿಯಬಹುದು; ಹೆಣ್ಣಿನ ಪಾಲು ಸೊನ್ನೆ. 2014ರ ಡಿಸೆಂಬರಿನಲ್ಲಿ ರೂಫಾ ಹಕ್ಕಿ ಅಮೆರಿಕದ ಅಪಾಯದಂಚಿನ ಜೀವಿಗಳ ಕಾಯ್ದೆಯ ರಕ್ಷಣೆಗೆ ಬಂತು. ಎರೆಯನ್ನು ಚೀಲದಲ್ಲಿಟ್ಟು ಕಟ್ಟಿದರೆ ಬೇರೆ ಜೀವಿಗಳು ಕಿತ್ತು ತಿನ್ನುವುದು ತಪ್ಪಿ, ಕಡಿಮೆ ಏಡಿಯಲ್ಲಿ ಕೆಲಸವಾಗುತ್ತದೆ ಎಂಬ ಉಪಾಯಕ್ಕೆ ಮೀನುಗಾರರೂ ಒಗ್ಗಿಕೊಂಡರು. ಕಾನೂನಿಗಿಂತ ಈ ಚೀಲವೇ ಜಗಳವನ್ನು ಹೆಚ್ಚು ತಣಿಸಿದೆಯೇನೋ.

ಇಂಜೆಕ್ಷನ್ ಹಿಂದಿನ ನೀಲಿ ರಕ್ತ

ಏಡಿಗೆ ಇನ್ನೊಬ್ಬ ಗಿರಾಕಿಯೂ ಇದ್ದಾನೆ, ಅವನ ಸಂಬಂಧ ನಮ್ಮೆಲ್ಲರ ತೋಳಿನವರೆಗೂ ಬರುತ್ತದೆ. ಈ ಏಡಿಯ ರಕ್ತದಲ್ಲಿ ಆಮ್ಲಜನಕ ಹೊರುವುದು ಕಬ್ಬಿಣವಲ್ಲ, ತಾಮ್ರ. ಹಾಗಾಗಿ ರಕ್ತ ನೀಲಿ. ಕೆಲವು ಬಗೆಯ ಬ್ಯಾಕ್ಟೀರಿಯಾ ಸೋಕಿದರೆ ಅದು ತಟ್ಟನೆ ಹೆಪ್ಪುಗಟ್ಟುತ್ತದೆಂದು ವಿಜ್ಞಾನಿ ಫ್ರೆಡರಿಕ್ ಬ್ಯಾಂಗ್ 1956ರಲ್ಲಿ ಬರೆದರು. 1960ರ ದಶಕದಲ್ಲಿ ಜ್ಯಾಕ್ ಲೆವಿನ್ ಜೊತೆಗೂಡಿ ಅದನ್ನೊಂದು ಪರೀಕ್ಷೆಯಾಗಿ ಬೆಳೆಸಿದರು. ಇಂಜೆಕ್ಷನ್, ಲಸಿಕೆ, ಸಲೈನ್, ಮೈಯೊಳಗೆ ಕೂರಿಸುವ ಉಪಕರಣ, ಇವುಗಳಲ್ಲಿ ಬ್ಯಾಕ್ಟೀರಿಯಾದ ವಿಷಾಂಶ ಉಳಿದಿದೆಯೇ ಎಂದು ನೋಡಲು ಅದಕ್ಕೆ ಮೊದಲು ಮೊಲಗಳಿಗೆ ಚುಚ್ಚಿ ಜ್ವರ ಬರುವುದನ್ನು ಕಾಯುತ್ತಿದ್ದರು. 1977ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಏಡಿರಕ್ತದ ಪರೀಕ್ಷೆಗೆ ಒಪ್ಪಿಗೆ ಕೊಟ್ಟರು. ಆ ಬಳಿಕ ಅದು ಜಗತ್ತಿನೆಲ್ಲೆಡೆಯ ರೂಢಿಯಾಯಿತು. ಬೆಂಗಳೂರಿನ ಔಷಧ ಕಾರ್ಖಾನೆಗಳಿಂದ ಹೊರಡುವ ಇಂಜೆಕ್ಷನ್‌ಗಳಿಗೂ ಈ ವಿಷಾಂಶದ ತಪಾಸಣೆ ಕಡ್ಡಾಯ.

ರಕ್ತ ತೆಗೆದ ಏಡಿಗಳನ್ನು ಕಡಲಿಗೆ ಬಿಡುತ್ತಾರೆ. ಆದರೆ ಎಲ್ಲವೂ ಬದುಕುವುದಿಲ್ಲ. ಶೇ 15 ಸಾಯುತ್ತವೆಂಬುದು ಏಡಿ ಹಿಡಿಯುವ ಮಿತಿಗಳನ್ನು ಗೊತ್ತುಪಡಿಸುವ ಮೀನುಗಾರಿಕೆ ಆಯೋಗದ ಲೆಕ್ಕ. ಕೆಲವು ಅಧ್ಯಯನಗಳಲ್ಲಿ ಅದು ಶೇ 30ರವರೆಗೂ ಹೋಗಿದೆ. ಇತ್ತೀಚಿನ ವರ್ಷಗಳಲ್ಲಿ ಇದಕ್ಕಾಗಿ ಹಿಡಿಯುವ ಏಡಿಗಳು ಅಟ್ಲಾಂಟಿಕ್ ಕರಾವಳಿಯಲ್ಲಿ ವರ್ಷಕ್ಕೆ ಹತ್ತು ಲಕ್ಷದ ಆಸುಪಾಸು.

ಈ ರಕ್ತವಿಲ್ಲದೆಯೂ ಕೆಲಸ ನಡೆಯುತ್ತದೆ ಎಂಬುದೇ ಇಲ್ಲಿನ ನಿಜವಾದ ಸುದ್ದಿ. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ಡಿಂಗ್ ಜಿಯಾಕ್ ಲಿಂಗ್ ಮತ್ತು ಹೋ ಬೋ ದಂಪತಿ ಏಷ್ಯಾದ ಕಾಂಡ್ಲಾಕಾಡಿನ ಏಡಿಯ ಜೀನ್ ತೆಗೆದು, ವಿಷಾಂಶವನ್ನು ಗುರುತಿಸುವ ಪ್ರೋಟೀನನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು. 2003ರಲ್ಲೇ ಅದು ಮಾರುಕಟ್ಟೆಗೆ ಬಂದಿತ್ತು. ಯುರೋಪಿನ ಔಷಧ ಸಂಹಿತೆ ಅದಕ್ಕೆ ಜಾಗ ಕೊಟ್ಟದ್ದು 2020ರಲ್ಲಿ, ಅಮೆರಿಕದ್ದು 2024ರಲ್ಲಿ. ಔಷಧದ ವಿಷಯದಲ್ಲಿ ಎಚ್ಚರ ಬೇಕು, ಸರಿ. ಆದರೂ ಇಪ್ಪತ್ತು ವರ್ಷ ಎಂಬುದು ಎಚ್ಚರಕ್ಕಿಂತ ಜಡತೆಗೇ ಹೆಚ್ಚು ಹತ್ತಿರ.

ಎಷ್ಟಿದ್ದರೆ ಸಾಕು?

ಇಷ್ಟೆಲ್ಲ ಆದ ಮೇಲೆ ಹಕ್ಕಿ ಹೆಚ್ಚಾಯಿತೇ ಎಂದರೆ, ಉತ್ತರ ಯಾವ ಲೆಕ್ಕ ಹಿಡಿಯುತ್ತೀರಿ ಎಂಬುದರ ಮೇಲೆ ನಿಂತಿದೆ. 2021ರ ಮೇ ತಿಂಗಳಲ್ಲಿ ಕೊಲ್ಲಿಯಲ್ಲಿ ಒಂದೇ ದಿನ ಕಂಡ ಅತಿ ಹೆಚ್ಚಿನ ಸಂಖ್ಯೆ 6,880. ಎಣಿಕೆ ಶುರುವಾದ ಮೇಲೆ ಅಷ್ಟು ಕಡಿಮೆ ಎಂದೂ ಇರಲಿಲ್ಲ. ಆದರೆ ಹಕ್ಕಿಗಳೆಲ್ಲ ಒಂದೇ ದಿನ ಬಂದು ಒಂದೇ ದಿನ ಹೋಗುವುದಿಲ್ಲ. ಬಾವುಟ ಓದಿ, ಎಷ್ಟು ಹಳಬರು ಎಷ್ಟು ಸಲ ಕಂಡರು ಎಂಬುದರಿಂದ ಋತುವಿನಲ್ಲಿ ಒಟ್ಟು ಎಷ್ಟು ಹಾದುಹೋದವು ಎಂದು ಅಂದಾಜಿಸುವ ಇನ್ನೊಂದು ವಿಧಾನವಿದೆ. ಅದರ ಪ್ರಕಾರ ಕಳೆದ ದಶಕದಲ್ಲಿ ಸಂಖ್ಯೆ ಹೆಚ್ಚುಕಡಿಮೆ 40,000ದ ಸುತ್ತ ನಿಂತಿದೆ. ಕುಸಿತ ನಿಂತಿದೆ, ಏರಿಕೆ ಇಲ್ಲ.

ಏಡಿ ಹೆಚ್ಚಿದೆ, ಒಂದಿಷ್ಟು ಹೆಣ್ಣು ಹಿಡಿದರೂ ಹಕ್ಕಿಗೆ ತೊಂದರೆಯಿಲ್ಲ ಎಂದು ಪರಿಷ್ಕೃತ ಗಣಿತ ಮಾದರಿಯೊಂದು ಹೇಳಿತು. 2022ರಲ್ಲಿ ಅದರ ಮೇಲೆ ದೊಡ್ಡ ವಾದವೇ ನಡೆದು, ಸಾವಿರಾರು ಆಕ್ಷೇಪಗಳು ಬಂದು, ಕೊನೆಗೆ ಆಯೋಗ ಹೆಣ್ಣಿನ ಪಾಲನ್ನು ಸೊನ್ನೆಯಲ್ಲೇ ಉಳಿಸಿತು. ಅದೇ ವರ್ಷ ಪ್ರಕಟವಾದ ಒಂದು ಅಧ್ಯಯನ, ಎರಡು ದಶಕದ ನಿಯಂತ್ರಣದ ನಂತರವೂ ಮೇಲ್ಮರಳಿನ ಮೊಟ್ಟೆಯ ಸಾಂದ್ರತೆ ಹಳೆಯ ಮಟ್ಟದ ಹತ್ತಿರಕ್ಕೂ ಬಂದಿಲ್ಲವೆಂದು ತೋರಿಸಿತು. ಏಡಿಯನ್ನು ಎಣಿಸಿದವರು ಸಮಾಧಾನದಲ್ಲಿದ್ದಾರೆ, ಮೊಟ್ಟೆಯನ್ನು ಎಣಿಸಿದವರು ಇಲ್ಲ. ಹಕ್ಕಿ ತಿನ್ನುವುದು ಮೊಟ್ಟೆಯನ್ನಾದ್ದರಿಂದ ನಾನು ಎರಡನೆಯವರ ಕಡೆ.

ಏಡಿಯೊಂದೇ ಕಾರಣವೂ ಅಲ್ಲ. 2012ರ ಅಕ್ಟೋಬರಿನ ಸ್ಯಾಂಡಿ ಚಂಡಮಾರುತ ನ್ಯೂಜೆರ್ಸಿ ಬದಿಯ ದಂಡೆಗಳ ಮರಳನ್ನೇ ಕೊಚ್ಚಿಕೊಂಡು ಹೋಯಿತು. ಮುಂದಿನ ಮೇ ಬರುವುದರೊಳಗೆ ಲಾರಿಗಳಲ್ಲಿ ಮರಳು ತಂದು ಸುರಿದು ಕೆಲವು ದಂಡೆಗಳನ್ನು ಮತ್ತೆ ಕಟ್ಟಬೇಕಾಯಿತು. ಇನ್ನು ಧ್ರುವದ ಕಡೆ ಹಿಮ ಬೇಗ ಕರಗುತ್ತಿದೆ. ರಷ್ಯಾದ ಉತ್ತರದಲ್ಲಿ ಹುಟ್ಟಿ ಪಶ್ಚಿಮ ಆಫ್ರಿಕಾದ ಮಾರಿಟೇನಿಯಾಕ್ಕೆ ಹೋಗುವ ಇನ್ನೊಂದು ಉಪಜಾತಿಯ ರೆಡ್ ನಾಟ್‌ಗಳ ಮೇಲೆ 2016ರಲ್ಲಿ ಡಚ್ ವಿಜ್ಞಾನಿ ಯಾನ್ ವಾನ್ ಹಿಲ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದಿದೆ. ಬೇಗ ಬೆಚ್ಚಗಾದ ವರ್ಷಗಳಲ್ಲಿ ಹುಟ್ಟಿದ ಮರಿಗಳು ಗಾತ್ರದಲ್ಲಿ ಸಣ್ಣವು, ಕೊಕ್ಕು ಗಿಡ್ಡ. ಆಫ್ರಿಕಾದ ಕೆಸರಲ್ಲಿ ಆಳದ ಚಿಪ್ಪುಮೀನು ಅವಕ್ಕೆ ಸಿಗದೆ ಬದುಕುವುದು ಕಡಿಮೆ. ತೊಂದರೆ ಹುಟ್ಟಿದ್ದು ಒಂದು ಖಂಡದಲ್ಲಿ, ಸಾವು ಇನ್ನೊಂದರಲ್ಲಿ.

ನಮ್ಮ ಅಳಿವೆಯ ಲೆಕ್ಕ

ಭಾರತದಲ್ಲೂ ಎರಡು ಜಾತಿಯ ಲಾಳದ ಏಡಿಗಳಿವೆ. ಇರುವುದು ಒಡಿಶಾ, ಪಶ್ಚಿಮ ಬಂಗಾಳದ ಕರಾವಳಿಯಲ್ಲಿ. ಬಾಲೇಶ್ವರ ಸುತ್ತಿನ ದಂಡೆಗಳು ಮತ್ತು ಸುಂದರಬನ ಅವುಗಳ ಹೆಸರಾಂತ ನೆಲೆ. ಕರ್ನಾಟಕದ ಹೋಲಿಕೆ ಸಿಗುವುದು ಬೇರೆಡೆ. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆ 2024ರಲ್ಲಿ ಜೌಗು ನೆಲಗಳ ಅಂತಾರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿ ನೀರಿಳಿದಾಗ ಬಳಚು ಎಂಬ ಚಿಪ್ಪುಮೀನು ಹೆಕ್ಕಲು ಜನ ಇಳಿಯುತ್ತಾರೆ. ಅದೇ ಕೆಸರಿನಲ್ಲಿ ಚಳಿಗಾಲದ ವಲಸೆ ಹಕ್ಕಿಗಳೂ ಉಣ್ಣುತ್ತವೆ. ಬಳಚಿನ ಸಂತತಿ ಉಳಿದರೆ ಸಾಕೆಂದು ಮಿತಿ ಹಾಕಿದರೆ ಡೆಲವೇರಿನ ತಪ್ಪೇ ಇಲ್ಲೂ ಆಗುತ್ತದೆ. ಜನರ ಪಾಲು, ಬೀಜದ ಪಾಲು, ಹಕ್ಕಿಯ ಪಾಲು ಮೂರನ್ನೂ ಒಟ್ಟಿಗೆ ಅಳೆಯುವ ಕೆಲಸ ವರ್ಷ ವರ್ಷವೂ ನಡೆಯಬೇಕು, ರಾಮ್ಸಾರ್ ಫಲಕ ನೆಟ್ಟರೆ ಸಾಲದು.

ನ್ಯೂಜೆರ್ಸಿಯಲ್ಲಿ ಕನ್ನಡದ ಮನೆಗಳು ಬಹಳ. ಮಕ್ಕಳ ಮನೆಗೆಂದು ಮೇ ತಿಂಗಳಲ್ಲಿ ಹೋಗುವ ತಂದೆ-ತಾಯಂದಿರು ಒಂದು ದಿನ ಕೇಪ್ ಮೇ ಕಡೆಯ ರೀಡ್ಸ್ ಬೀಚ್‌ಗೆ ಹೋಗಿಬರಬಹುದು. ಹಕ್ಕಿಗಳು ಇರುವಷ್ಟು ದಿನ ದಂಡೆಗೆ ಇಳಿಯಲು ಬಿಡುವುದಿಲ್ಲ, ಗೊತ್ತುಪಡಿಸಿದ ಜಾಗದಿಂದಲೇ ನೋಡಬೇಕು, ದುರ್ಬೀನು ಮರೆಯಬೇಡಿ. ಇಳಿಯಲು ಬಿಡುವ ಬೇರೆ ಯಾವುದಾದರೂ ದಂಡೆಯಲ್ಲಿ ಅಂಗಾತ ಬಿದ್ದು ಕಾಲಾಡಿಸುತ್ತಿರುವ ಏಡಿ ಕಂಡರೆ ಚಿಪ್ಪಿನ ಎರಡು ಬದಿ ಹಿಡಿದು ಮಗುಚಿಬಿಡಿ. ಬಾಲ ಹಿಡಿದು ಎತ್ತಬೇಡಿ, ಅದು ಕಿತ್ತುಹೋದರೆ ಮುಂದಿನ ಸಲ ಏಡಿಗೆ ತಾನಾಗಿ ಏಳಲಾಗುವುದಿಲ್ಲ.